ಸಂಕವ್ವನ ತಗಡು

"ಬುದ್ಧೀ, ಕದ್ದವನೇ ಕದ್ದ ವಸ್ತುವನ್ನು ತಂದು ಇಟ್ಟುಬಿಟ್ಟರೆ ಅಲ್ಲಿಗೆ ಪಾಪ ತೀರಿತಲ್ಲವೇ? ಬಾಯಿಬಿಟ್ಟು ಹೇಳಲೂ ಬೇಕೇ?" ಎಂದು ರಾಚಯ್ಯ ಗುರುಗಳನ್ನು ಕೇಳಿದ.

ರಾಚಯ್ಯ ಆ ಮಠದಲ್ಲಿ ನಾಲ್ಕು ವರ್ಷದಿಂದ ಇದ್ದ ಶಿಷ್ಯ. ಗದ್ದುಗೆಯ ಮೇಲಿನ ಬೆಳ್ಳಿ ಬಟ್ಟಲು ಮೂರು ದಿನದಿಂದ ಕಾಣೆಯಾಗಿತ್ತು. ಅಂದು ಬೆಳಿಗ್ಗೆ ಅದು ಗದ್ದುಗೆಯ ಬದಿಯಲ್ಲಿದ್ದ ಹೂಬುಟ್ಟಿಯೊಳಗೆ ಸಿಕ್ಕಿತ್ತು. ಬುಟ್ಟಿ ಹೂಗಾರ ಕಲ್ಲವ್ವನದು. ಮಠದ ಪಾರುಪತ್ಯಗಾರರು ಆ ಮುದುಕಿಯನ್ನು ಕರೆದು, ನಾಳೆಯಿಂದ ಈ ಕಡೆ ಬರಬೇಡ ಎಂದಿದ್ದರು. ಅವಳು ಸಂಜೆಯ ಬಂಡಿಗೆ ತಂಗಿಯ ಊರಿಗೆ ಹೊರಡುವವಳಿದ್ದಳು. ಬಟ್ಟಲು ಸಿಕ್ಕಿತಲ್ಲ ಎಂದು ಉಳಿದವರೆಲ್ಲ ನೆಮ್ಮದಿಯಾಗಿದ್ದರು.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಶಿಷ್ಯನ ಮುಖ ನೋಡಲಿಲ್ಲ.

"ಕುಳಿತುಕೊ. ನಿಂತೇ ಕೇಳುವವನು ಉತ್ತರ ಬರುವ ಮೊದಲೇ ಓಡಿಹೋಗುತ್ತಾನೆ. ನಿನಗೊಂದು ಕತೆ ಹೇಳುತ್ತೇನೆ" ಎಂದರು. ರಾಚಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರು. ಆ ಊರಿಗೆ ಓದಿನ ಜಂಬ. ಗಂಡಸು ಹೆಂಗಸು ಎನ್ನದೆ ಎಲ್ಲರಿಗೂ ಅಕ್ಷರ ಬರುತ್ತಿತ್ತು. ನಮ್ಮೂರಿನ ಕುರುಬರು ಕುರಿಗಳ ಹೆಸರನ್ನೂ ಬರೆದಿಟ್ಟುಕೊಳ್ಳುತ್ತಾರೆ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಇರಲಿ ಬಿಡು, ಊರೆಂದ ಮೇಲೆ ಒಂದಿಷ್ಟು ಬಡಾಯಿ ಇದ್ದೇ ಇರುತ್ತದೆ.

ಸತ್ತವರನ್ನು ಹೂಳುವುದು ಅವರ ಪದ್ಧತಿ. ತಲೆಯ ಕಡೆ ಒಂದು ಮರದ ಕಂಬ ನೆಟ್ಟು, ತಾಮ್ರದ ತಗಡಿನಲ್ಲಿ ಹೆಸರು ಕೆತ್ತಿಸಿ ಆ ಕಂಬಕ್ಕೆ ಹೊಡೆಯುತ್ತಿದ್ದರು. ಗೌಡನಾದರೂ ಅಷ್ಟೇ, ಕೂಲಿಯವನಾದರೂ ಅಷ್ಟೇ. ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ, ನಾಲ್ಕು ಮೊಳೆ. ಬದುಕಿದ್ದಾಗ ಹೆಚ್ಚುಕಡಿಮೆ ಇದ್ದೇ ಇತ್ತು, ಹೂಳಿದ ಮೇಲಾದರೂ ಒಂದೇ ಅಳತೆ ಇರಲಿ ಎಂದು ಹಿಂದಿನವರು ಕಟ್ಟುಮಾಡಿದ್ದರು. ವರ್ಷಕ್ಕೊಮ್ಮೆ ಹಿರಿಯರ ಹಬ್ಬದ ಅಮಾವಾಸ್ಯೆಗೆ ಮನೆಯವರು ಹೋಗಿ ತಗಡನ್ನು ಹುಣಸೆಹಣ್ಣಿನಿಂದ ತಿಕ್ಕಿ ತೊಳೆಯುತ್ತಿದ್ದರು. ಹೆಸರನ್ನು ಗಟ್ಟಿಯಾಗಿ ಓದಿ ಆಮೇಲೆ ಎಡೆ ಇಡುತ್ತಿದ್ದರು. ಹೆಸರು ಓದದೆ ಇಟ್ಟ ಎಡೆ ಸತ್ತವರಿಗೆ ಮುಟ್ಟುವುದಿಲ್ಲ ಎಂಬುದು ಅವರ ನಂಬಿಕೆ.

ಆ ತಗಡುಗಳನ್ನು ಮಾಡುತ್ತಿದ್ದವನು ಒಬ್ಬ ಕಂಚುಗಾರ. ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಕೈಗುಣ ಒಳ್ಳೆಯದು. ಅವನು ಕೆತ್ತಿದ ಅಕ್ಷರ ಮುತ್ತಿನಂತಿರುತ್ತಿತ್ತು. ಆದರೆ ಅವನಿಗೆ ಓದಲು ಬರುತ್ತಿರಲಿಲ್ಲ.

ಹುಬ್ಬು ಏರಿಸಬೇಡ, ಕೇಳು. ಸತ್ತವರ ಮನೆಯವರು ಹೆಸರನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು ತರುತ್ತಿದ್ದರು. ಅವನು ಕಾಗದವನ್ನು ಅಂಟಿನಿಂದ ತಗಡಿಗೆ ಹಚ್ಚಿ, ಬರೆದ ಗೆರೆಯ ಮೇಲೆಯೇ ಉಳಿ ಓಡಿಸುತ್ತಿದ್ದ. ಆಮೇಲೆ ಕಾಗದವನ್ನು ತೊಳೆದುಬಿಡುತ್ತಿದ್ದ. ಈ ಕೆಲಸಕ್ಕೆ ಕಣ್ಣು ಬೇಕು, ಕೈ ಬೇಕು, ಓದು ಬೇಕಿಲ್ಲ. ಚಿಕ್ಕಂದಿನಲ್ಲಿ ಕುಲುಮೆಯ ಗಾಳಿ ತಿದಿ ಒತ್ತುವುದರಲ್ಲೇ ಅವನ ದಿನ ಹೋಗಿತ್ತು. ದೊಡ್ಡವನಾದ ಮೇಲೆ ನಾಚಿಕೆ. ಯಾರಾದರೂ ಓಲೆ ತಂದು ಓದು ಎಂದರೆ, ಅಯ್ಯೋ ಕನ್ನಡಕ ಒಳಗಿದೆ ಎನ್ನುತ್ತಿದ್ದ. ಅಕ್ಷರ ಕೆತ್ತುವವನಿಗೆ ಅಕ್ಷರ ಬರುವುದಿಲ್ಲ ಎಂದು ಯಾರಿಗೆ ಹೊಳೆಯಬೇಕು? ಹೆಂಡತಿಗೂ ಗೊತ್ತಿರಲಿಲ್ಲ. ಒಂದೇ ಒಂದು ಹೆಸರನ್ನು ಮಾತ್ರ ಅವನು ಕಾಗದವಿಲ್ಲದೆ ಕೆತ್ತಬಲ್ಲವನಾಗಿದ್ದ. ಅದು ಅವನ ಅಪ್ಪನ ಹೆಸರು, ಕಾಳಾಚಾರಿ. ಅಪ್ಪ ಸತ್ತಾಗ ಸಮಾಧಾನವಾಗದೆ ಆ ತಗಡನ್ನು ಮೂರು ಸಲ ಕೆತ್ತಿದ್ದ. ಅವನ ಕೈಗೆ ಆ ಹೆಸರು ಬಾಯಿಪಾಠವಾಗಿತ್ತು.

ಒಂದು ವರ್ಷ ಊರವರು ಗುಡಿಗೆ ದೊಡ್ಡ ಗಂಟೆ ಮಾಡಿಸಲು ಹೊರಟರು. ಹಿರಿಯರ ಹಬ್ಬದ ದಿನವೇ ಅದನ್ನು ಕಟ್ಟಬೇಕೆಂದು ಮಾತಾಯಿತು. ಕಂಚುಗಾರ ಒಪ್ಪಿಕೊಂಡ. ಪೇಟೆಯಿಂದ ತಾಮ್ರ ಬರಬೇಕಿತ್ತು, ಬರಲಿಲ್ಲ. ಗೌಡ ಕೇಳಿದಾಗಲೆಲ್ಲ, ತಾಮ್ರ ಮನೆಯಲ್ಲೇ ಇದೆ, ಬೆಂಕಿ ಹಾಕುವುದೊಂದೇ ಬಾಕಿ ಎಂದು ಹೇಳಿದ. ಒಂದು ಸುಳ್ಳು ಹೇಳಿದವನು ಅದರ ಕಾವಲಿಗೆ ಇನ್ನೊಂದನ್ನು ಇಡಬೇಕು. ಹಬ್ಬಕ್ಕೆ ಎಂಟು ದಿನ ಉಳಿಯಿತು. ಅಚ್ಚು ಸಿದ್ಧವಿತ್ತು, ತವರ ಇತ್ತು, ಅಲ್ಲಲ್ಲಿ ಕೂಡಿಸಿದ ತಾಮ್ರ ಮಾತ್ರ ತುಸು ಕಡಿಮೆ ಬಿತ್ತು. ಆಗ ಅವನಿಗೆ ಮಸಣ ನೆನಪಾಯಿತು.

ಮಟಮಟ ಮಧ್ಯಾಹ್ನ ಆ ಊರಿನವರು ಮಸಣದ ಕಡೆ ತಲೆ ಹಾಕುತ್ತಿರಲಿಲ್ಲ. ಆ ಹೊತ್ತಿನಲ್ಲಿ ಗಾಳಿ ಸೋಕುತ್ತದೆ ಎಂಬ ಹೆದರಿಕೆ. ಮಸಣ ಕಾಯುವ ಮುದುಕನೊಬ್ಬನಿದ್ದ, ಗುಂಡಿ ತೋಡುವವನೂ ಅವನೇ. ಅವನು ಆ ಹೊತ್ತಿಗೆ ಊರೊಳಗೆ ಹೋಗಿ ಮನೆಮನೆಯ ಅನ್ನ ಬೇಡಿಕೊಂಡು ಬರುತ್ತಿದ್ದ. ಕಂಚುಗಾರ ಆ ಹೊತ್ತನ್ನೇ ಹಿಡಿದ. ಹುಲ್ಲು ಬೆಳೆದ ಗುಂಡಿಗಳನ್ನು ಆರಿಸಿಕೊಂಡು, ಉಳಿಯಿಂದ ಮೊಳೆ ಎಬ್ಬಿಸಿ, ಇಪ್ಪತ್ತೊಂದು ತಗಡು ಬಿಚ್ಚಿ ಗೋಣಿಚೀಲಕ್ಕೆ ಹಾಕಿಕೊಂಡ. ಅಪ್ಪನದನ್ನು ಮುಟ್ಟಲಿಲ್ಲ. ಚೀಲದೊಳಗೆ ತಗಡಿಗೆ ತಗಡು ತಾಗಿ ಸದ್ದಾದಾಗಲೆಲ್ಲ ಹಿಂದೆ ತಿರುಗಿ ನೋಡಿದ. ದೇವರ ಗಂಟೆಗೆ ತಾನೇ ಎಂದು ತನಗೆ ತಾನೇ ಹೇಳಿಕೊಂಡ. ಮನೆಗೆ ಬಂದು ಚೀಲವನ್ನು ಇದ್ದಿಲ ರಾಶಿಯೊಳಗೆ ಹೂತಿಟ್ಟ.

ಮರುದಿನ ಬೆಳಿಗ್ಗೆ ತಾಮ್ರದ ಬಂಡಿ ಬಂದು ಬಾಗಿಲಲ್ಲಿ ನಿಂತಿತು. ಅವನು ಹಣೆ ಹಣೆ ಬಡಿದುಕೊಂಡ. ಇನ್ನೊಂದು ದಿನ ತಡೆದಿದ್ದರೆ ಕಳ್ಳನಾಗಬೇಕಿರಲಿಲ್ಲ.

ಅದೇ ದಿನ ಒಬ್ಬ ಹೆಂಗಸು ಗಂಡನ ಗುಂಡಿಯ ಹತ್ತಿರ ಹುಲ್ಲು ಕೀಳಲು ಹೋದಳು. ಕಂಬದ ಮೇಲೆ ತಗಡು ಇರಲಿಲ್ಲ, ನಾಲ್ಕು ತೂತು ಮಾತ್ರ ಇದ್ದವು. ಅವಳ ಕೂಗಿಗೆ ಊರೇ ಓಡಿಬಂತು. ಎಣಿಸಿ ನೋಡಿದರು. ಇಪ್ಪತ್ತೊಂದು ಮಂದಿ ಹಿರಿಯರಿಗೆ ಈ ಸಲ ಎಡೆ ಮುಟ್ಟುವುದಿಲ್ಲ ಎಂದು ಮುದುಕಿಯರು ಅತ್ತರು. ಗೌಡ ಡಂಗುರ ಹೊಡೆಸಿದ. ಅಮಾವಾಸ್ಯೆಯ ಒಳಗೆ ತಗಡುಗಳು ಇದ್ದಲ್ಲಿಗೇ ಬಂದು ಸೇರಿದರೆ ಯಾರು ಏನು ಎಂದು ಯಾರೂ ಕೇಳುವುದಿಲ್ಲ. ಸೇರದಿದ್ದರೆ ಊರಿನ ಪ್ರತಿಯೊಬ್ಬನೂ ಗುಡಿಯ ಮುಂದೆ ಅಂಗೈ ಮೇಲೆ ಕರ್ಪೂರ ಹಚ್ಚಿಕೊಂಡು ಆಣೆ ಮಾಡಬೇಕು.

ಸುಳ್ಳು ಆಣೆ ಮಾಡಿದವನ ಮನೆಯ ದೀಪ ಆರುತ್ತದೆ ಎಂಬುದು ಆ ಊರಿನಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಕಂಚುಗಾರನ ಒಬ್ಬಳೇ ಮಗಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದಳು. ಅವಳು ಎದುರಿಗೆ ಬಂದು ನಿಂತರೆ ಅವನು ಮುಖ ತಿರುಗಿಸಿಕೊಳ್ಳುತ್ತಿದ್ದ. ಊಟ ಸೇರಲಿಲ್ಲ. ಬಾಗಿಲ ಹತ್ತಿರ ಯಾರು ಕೆಮ್ಮಿದರೂ ಇದ್ದಿಲ ರಾಶಿಯ ಕಡೆಗೆ ಕಣ್ಣು ಹೋಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಹಬ್ಬಕ್ಕೆ ಎರಡು ದಿನ ಇರುವಾಗ ಅವನು ಮತ್ತೆ ಮಧ್ಯಾಹ್ನವೇ ಮಸಣಕ್ಕೆ ಹೋದ. ಚೀಲವನ್ನು ಮೊದಲ ಕಂಬದ ಮುಂದೆ ಇಳಿಸಿ ಒಂದು ತಗಡು ತೆಗೆದ. ಅದು ಯಾವ ಕಂಬದ್ದು?

ಅದುವರೆಗೆ ಅವನು ಇದನ್ನು ಯೋಚಿಸಿಯೇ ಇರಲಿಲ್ಲ. ಎಲ್ಲ ತಗಡೂ ಒಂದೇ ಅಳತೆ, ತೂತುಗಳೂ ಒಂದೇ ಅಳತೆ. ಅವುಗಳಲ್ಲಿ ಬೇರೆ ಬೇರೆ ಇದ್ದದ್ದು ಅಕ್ಷರ ಮಾತ್ರ. ಅವನು ತಗಡನ್ನು ತಿರುಗಿಸಿ ನೋಡಿದ, ಮಗುಚಿ ನೋಡಿದ. ತನ್ನ ಕೈಯ ಕೆಲಸವೇ ತನ್ನೊಡನೆ ಮಾತಾಡಲಿಲ್ಲ. ಬೆವರು ಕಣ್ಣಿಗೆ ಇಳಿಯಿತು. ದೂರದಲ್ಲಿ ನಾಯಿ ಬೊಗಳಿತು, ಮುದುಕ ಅನ್ನ ತೆಗೆದುಕೊಂಡು ಹೊರಟಿರಬೇಕು. ಯಾರನ್ನಾದರೂ ಓದು ಎಂದು ಕೇಳುವಂತಿರಲಿಲ್ಲ. ಹಿಂದಕ್ಕೆ ಹೊತ್ತುಕೊಂಡು ಹೋಗುವಂತೆಯೂ ಇರಲಿಲ್ಲ. ಅವನು ಕೈಗೆ ಸಿಕ್ಕ ತಗಡನ್ನು ಎದುರಿಗೆ ಸಿಕ್ಕ ಕಂಬಕ್ಕೆ ಹೊಡೆದ. ಇಪ್ಪತ್ತೊಂದನ್ನೂ ಹಾಗೆಯೇ ಹೊಡೆದು, ಖಾಲಿ ಚೀಲವನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡು ಓಡಿದ.

ತಗಡು ಬಂದವು ಎಂದು ಸಂಜೆಗೆ ಊರೆಲ್ಲ ಸುದ್ದಿಯಾಯಿತು. ಜನ ನಗುತ್ತ ಹೋದರು. ಹೋಗಿ ಓದಿದರು. ಮೂರು ತಿಂಗಳ ಕೂಸಿನ ಗುಂಡಿಯ ಮೇಲೆ ಪೈಲ್ವಾನ ನಿಜಗುಣಪ್ಪನ ಹೆಸರಿತ್ತು. ಜೀವಮಾನದಲ್ಲಿ ಎರಡು ಮಾತು ಆಡದಿದ್ದ ಪೂಜಾರಿಯ ತಲೆಯ ಮೇಲೆ ಜಗಳಗಂಟಿ ಬಾಳವ್ವನ ಹೆಸರಿತ್ತು. ಅತ್ತೆ ಸೊಸೆಯರು ಅದಲುಬದಲಾಗಿದ್ದರು. ಕೆಲವರಿಗೆ ನಗು ಬಂತು. ಹೆಚ್ಚಿನವರಿಗೆ ಮೈ ಉರಿಯಿತು.

ಶಾಲೆಯ ಮೇಷ್ಟ್ರು ಮುಂದೆ ಬಂದರು. "ಇದು ಬೇಕೆಂದು ಮಾಡಿದ್ದಲ್ಲ. ಕದ್ದವನಿಗೆ ಅಕ್ಷರ ಬರುವುದಿಲ್ಲ" ಎಂದರು.

ಎಲ್ಲರ ತಲೆ ಒಟ್ಟಿಗೆ ಮಸಣ ಕಾಯುವ ಮುದುಕನ ಕಡೆ ತಿರುಗಿತು. ಓದು ಬಾರದವನು ಊರಿಗೆಲ್ಲ ಅವನೊಬ್ಬನೇ ಎಂದು ಅವರಿಗೆ ಗೊತ್ತಿತ್ತು. ಕಂಚುಗಾರನೂ ತಲೆ ತಿರುಗಿಸಿ ಮುದುಕನನ್ನು ನೋಡಿದ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಅನ್ನುತ್ತಾರಲ್ಲ. ತಪ್ಪಿದ ದೊಣ್ಣೆ ಯಾರ ತಲೆಗೆ ಬಿತ್ತು ಎಂದು ಆ ಗಾದೆ ಹೇಳುವುದಿಲ್ಲ.

ಮುದುಕ ಅಂಗೈ ಚಾಚಿದ. ಕರ್ಪೂರ ಹಚ್ಚಿ ಎಂದ. ಅಕ್ಷರ ಬಾರದವನ ಆಣೆಗೆ ಏನು ಬೆಲೆ ಎಂದು ಗುಂಪಿನಲ್ಲಿ ಯಾರೋ ಅಂದರು. ಓದಿದವರ ಊರು ನೋಡು! ಯಾರೂ ಕೇಳುವುದಿಲ್ಲ ಎಂದಿದ್ದೆಯಲ್ಲ ಗೌಡ ಎಂದು ಒಬ್ಬ ಮುದುಕಿ ನೆನಪು ಮಾಡಿದಳು. ಇದ್ದಲ್ಲಿಗೇ ಬಂದರೆ ಎಂದಿದ್ದೆ, ಇದು ಇದ್ದಲ್ಲಿಗಲ್ಲ ಎಂದ ಗೌಡ. ನಾಳೆ ಹೊತ್ತು ಮುಳುಗುವುದರೊಳಗೆ ಮುದುಕ ಊರು ಬಿಡಬೇಕೆಂದು ತೀರ್ಮಾನವಾಯಿತು.

ಅಷ್ಟಕ್ಕೆ ಮುಗಿಯಲಿಲ್ಲ. ಗೌಡ ಕಂಚುಗಾರನ ಕಡೆ ತಿರುಗಿ, "ನಿನ್ನ ಕೈಯ ತಗಡು. ನೀನೇ ಒಂದೊಂದನ್ನೂ ಓದಿ ಸರಿಯಾದ ಕಂಬಕ್ಕೆ ಹೊಡೆ" ಎಂದ. ಕಂಚುಗಾರ ಕಣ್ಣು ಉಜ್ಜಿಕೊಂಡ. ಕುಲುಮೆಯ ಹೊಗೆಯಿಂದ ಕಣ್ಣು ಮಂಜು, ಮೇಷ್ಟ್ರೇ ಓದಲಿ, ನಾನು ಹೊಡೆಯುತ್ತೇನೆ ಎಂದು ಹೇಗೋ ಹೇಳಿದ. ಮೇಷ್ಟ್ರು ಓದಿದರು, ಇವನು ಹೊಡೆದ. ಇಪ್ಪತ್ತೊಂದು ತಗಡೂ ಇದ್ದಲ್ಲಿಗೇ ಬಂದು ಸೇರಿದವು. ಕಳುವಾದದ್ದೆಲ್ಲ ಬಂದಂತಾಯಿತು. ಮೊಳೆಗಳನ್ನು ಒಂದೊಂದಾಗಿ ಅವನ ಕೈಗೆ ಕೊಡುತ್ತಿದ್ದವನು ಆ ಮುದುಕನೇ.

ಮರುದಿನ ಮಧ್ಯಾಹ್ನ ಕಂಚುಗಾರ ಕುಲುಮೆಯ ಮುಂದೆ ಕುಳಿತಿದ್ದ. ಗಂಟೆಯ ಎರಕ ಚೆನ್ನಾಗಿ ಬಂದಿತ್ತು. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಮುದುಕ. ಹೆಗಲಲ್ಲಿ ಒಂದು ಗಂಟು, ಕೈಯಲ್ಲಿ ಬಡಿದು ಚಪ್ಪಟೆ ಮಾಡಿದ ಒಂದು ತಾಮ್ರದ ಚೊಂಬು. ಇವನಿಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡ ಕಂಚುಗಾರ.

"ಆಚಾರ್ರೇ, ನನ್ನ ಹೆಂಡತಿ ಅಲ್ಲೇ ಬೇಲಿಯ ಮೂಲೆಯಲ್ಲಿ ಇದ್ದಾಳೆ. ಅವಳಿಗೆ ತಗಡಿಲ್ಲ. ದಿನಾ ನಾನೇ ಹತ್ತಿರ ಇರುತ್ತಿದ್ದೆ, ಬೇಕು ಅನ್ನಿಸಲಿಲ್ಲ. ಈಗ ನಾನು ಹೊರಟೆ. ಒಂದು ಹೆಸರು ಕೆತ್ತಿಕೊಡಿ. ಸಂಕವ್ವ ಅಂತ" ಎಂದ ಮುದುಕ.

"ಕಾಗದದ ಮೇಲೆ ಬರೆಸಿಕೊಂಡು ಬಾ" ಎಂದ ಕಂಚುಗಾರ.

"ಯಾರ ಹತ್ತಿರ ಹೋಗಲಿ? ನನ್ನ ಮುಖ ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ತೆರೆದಿದ್ದದ್ದು ನಿಮ್ಮ ಬಾಗಿಲೊಂದೇ. ನೀವು ಓದಿದವರು. ನೀವೇ ಬರೆದು ಕೆತ್ತಿ."

ಕಂಚುಗಾರ ಅವನ ಮುಖ ನೋಡಿದ. ಅದರಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ಇದ್ದಿದ್ದರೆ ಇವನಿಗೆ ಎಷ್ಟೋ ಹಗುರವಾಗುತ್ತಿತ್ತು. ನನಗೂ ಓದು ಬರುವುದಿಲ್ಲ ಎಂಬ ಮಾತು ಗಂಟಲಿನವರೆಗೆ ಬಂತು. ಒಳಗೆ ಮಗಳು ನೀರು ತುಂಬುವ ಸದ್ದು ಕೇಳಿತು. ಮಾತು ಹಿಂದಕ್ಕೆ ಹೋಯಿತು. ಅವನು ಚೊಂಬಿನ ತಾಮ್ರವನ್ನು ಬಡಿದು ಗೇಣುದ್ದದ ತಗಡು ಮಾಡಿದ. ಉಳಿ ಹಿಡಿದ. ಅವನ ಕೈಗೆ ಬರುತ್ತಿದ್ದದ್ದು ಒಂದೇ ಹೆಸರು. ಅದನ್ನೇ ಕೆತ್ತಿದ.

ಮುದುಕ ತಗಡನ್ನು ಎರಡು ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಎಷ್ಟು ಚೆಂದ ಇದ್ದಾಳೆ ಎಂದ. ಬೆರಳನ್ನು ಅಕ್ಷರಗಳ ಮೇಲೆ ಆಡಿಸುತ್ತ, ಅವಳ ಹೆಸರು ಎಲ್ಲಿಂದ ಶುರುವಾಗುತ್ತದೆ, ಅದನ್ನಾದರೂ ತೋರಿಸಿ, ನೆನಪಿಟ್ಟುಕೊಂಡು ಹೋಗುತ್ತೇನೆ ಎಂದ. ಕಂಚುಗಾರ ತನ್ನ ಅಪ್ಪನ ಹೆಸರಿನ ಮೊದಲ ಅಕ್ಷರವನ್ನು ತೋರಿಸಿದ. ಮುದುಕ ಅದನ್ನು ಮೂರು ಸಲ ಸವರಿದ. ಆಮೇಲೆ ಹೋಗಿ ತಗಡನ್ನು ಬೇಲಿಯ ಮೂಲೆಯ ಕಂಬಕ್ಕೆ ಹೊಡೆದು ಊರು ಬಿಟ್ಟ. ಅವನು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ.

ಈಗ ನಿಜವಾದ ಭಯ ಶುರುವಾಯಿತು. ಮರುದಿನವೇ ಅಮಾವಾಸ್ಯೆ. ಇಡೀ ಊರು ಮಸಣಕ್ಕೆ ಬರುತ್ತದೆ. ಬಂದವರೆಲ್ಲ ಓದು ಬಲ್ಲವರು. ಸಂಕವ್ವನ ಗುಂಡಿಯ ಮೇಲೆ ಕಾಳಾಚಾರಿಯ ಹೆಸರನ್ನು ಒಬ್ಬ ಓದಿದರೆ ಸಾಕು. ಕೆತ್ತನೆ ಯಾರದೆಂದು ಕೇಳಬೇಕಾಗಿಲ್ಲ, ಅಂಥ ಅಕ್ಷರ ಕೆತ್ತುವವನು ಊರಿಗೆ ಒಬ್ಬನೇ. ಕೆತ್ತಿದವನಿಗೆ ಓದು ಬಾರದು ಎಂದೂ ಹೇಳಬೇಕಾಗಿಲ್ಲ. ಇಪ್ಪತ್ತೊಂದು ತಗಡಿನ ಕತೆ ಅಲ್ಲಿಂದ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಅವನು ತನ್ನ ತಪ್ಪೊಪ್ಪಿಗೆಯನ್ನು ತಾನೇ ತಾಮ್ರದಲ್ಲಿ ಕೆತ್ತಿ ಬಟ್ಟಬಯಲಿನಲ್ಲಿ ನಿಲ್ಲಿಸಿದ್ದ.

ಹಬ್ಬದ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ಕುಳಿತ. ಗುಡಿಯಲ್ಲಿ ಹೊಸ ಗಂಟೆ ಮೊಳಗಿತು. ಮಾಡಿದವನೇ ಬೆಚ್ಚಿಬಿದ್ದ. ಜನ ಬಂದರು, ತೊಳೆದರು, ಹೆಸರು ಓದಿದರು, ಎಡೆ ಇಟ್ಟರು. ಯಾರ ಹೆಜ್ಜೆ ಮೂಲೆಯ ಕಡೆ ತಿರುಗಿದರೂ ಅವನು ಕಂಬಕ್ಕೆ ಇನ್ನಷ್ಟು ಒತ್ತಿ ಕೂರುತ್ತಿದ್ದ. ಅವನು ಹೊತ್ತು ಮುಳುಗುವವರೆಗೆ ಏಳಲಿಲ್ಲ.

ಮರುದಿನ ಉಳಿ ತೆಗೆದುಕೊಂಡು ಹೋದ. ಮೊಳೆಯ ಕೆಳಗೆ ಉಳಿ ಇಟ್ಟ. ಕೈ ಏಳಲಿಲ್ಲ. ಇಪ್ಪತ್ತೊಂದು ಜನರದನ್ನು ಹಿಂದಕ್ಕೆ ಕೊಟ್ಟಾಗಿತ್ತು, ಇದನ್ನು ಕಿತ್ತರೆ ಏನೂ ಇಲ್ಲದವನ ಮನೆಯಿಂದ ಕದ್ದಂತಾಗುತ್ತಿತ್ತು. ಸರಿಯಾದ ತಗಡು ಮಾಡಿ ಹಾಕೋಣವೆಂದರೆ, ಸಂಕವ್ವ ಎಂದು ಬರೆದುಕೊಡು ಎಂದು ಯಾರನ್ನಾದರೂ ಕೇಳಬೇಕು. ಯಾಕೆ ಎಂದು ಅವರು ಕೇಳುತ್ತಾರೆ. ಅವನು ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅಲ್ಲೇ ಕುಳಿತ. ಆಮೇಲೆ ದಿನವೂ ಕುಳಿತ. ಕುಲುಮೆ ತಣ್ಣಗಾಯಿತು. ಮಗಳು ಹೆತ್ತಳು. ಮೊಮ್ಮಗಳ ಮುಖ ನೋಡಲು ಬಾ ಎಂದು ಮೂರು ಸಲ ಹೇಳಿಕಳಿಸಿದಳು. ಆ ಹೊತ್ತಿಗೇ ಯಾರಾದರೂ ಬಂದು ಓದಿಬಿಟ್ಟರೆ ಎಂದು ಅವನು ಏಳಲಿಲ್ಲ. ಮುದುಕನ ಗುಡಿಸಲು ಖಾಲಿ ಇತ್ತು. ಅದರಲ್ಲೇ ಮಲಗತೊಡಗಿದ. ಊರವರು ಅವನಿಗೂ ಮನೆಮನೆಯ ಅನ್ನ ಕಳಿಸಿದರು.

ಊರವರು ಅವನನ್ನು ಬಹಳ ಕೊಂಡಾಡಿದರು. ಎಂಥ ಭಕ್ತಿ ನೋಡಿ, ಇವನು ಕಾಯಲು ಕುಳಿತ ಮೇಲೆ ಒಂದು ತಗಡೂ ಕಳುವಾಗಿಲ್ಲ ಎಂದರು.

ಗುರುಗಳು ಕತೆ ಮುಗಿಸಿದರು. ಹೊಸೆದ ಬತ್ತಿಗಳನ್ನು ಒಂದೊಂದಾಗಿ ತಟ್ಟೆಯಲ್ಲಿಟ್ಟರು.

ರಾಚಯ್ಯ ತಟ್ಟೆಯ ಬತ್ತಿಗಳನ್ನೇ ನೋಡುತ್ತಿದ್ದ. "ಆದರೂ ಬುದ್ಧೀ, ಕಳುವಾದ ಇಪ್ಪತ್ತೊಂದೂ ಇದ್ದಲ್ಲಿಗೇ ಬಂದವಲ್ಲ?" ಎಂದ.

"ಬಟ್ಟಲೂ ಬಂತು ರಾಚಯ್ಯ, ಕಲ್ಲವ್ವ ಮಾತ್ರ ಇನ್ನೂ ಹೊರಬಾಗಿಲ ಕಟ್ಟೆಯ ಮೇಲೆ ಬಂಡಿಗೆ ಕಾಯುತ್ತ ಕುಳಿತಿದ್ದಾಳೆ" ಎಂದರು ಗುರುಗಳು.